ಹಬ್ಬದೂಟದ ಮೇಜಿಗೆ ಮನೆಯಲ್ಲೇ ಅಲಂಕಾರ: ಮಂಗಳೂರು, ಉಡುಪಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಅಷ್ಟಮಿ, ಚೌತಿ, ಮೊಂತಿ ಹಬ್ಬ (ಕ್ರೈಸ್ತರ ತೆನೆ ಹಬ್ಬ), ನವರಾತ್ರಿ, ದೀಪಾವಳಿ, ಕ್ರಿಸ್ಮಸ್ ಎಂದು ಆಗಸ್ಟಿನಿಂದ ಡಿಸೆಂಬರಿನವರೆಗೆ ನಮ್ಮ ಕರಾವಳಿಯಲ್ಲಿ ಹಬ್ಬಗಳದ್ದೇ ಸಾಲು. ಏಪ್ರಿಲ್ ಬಂದರೆ ತುಳುವರ ಹೊಸವರ್ಷ ಬಿಸು. ನೆಲದಲ್ಲಿ ಪಂಕ್ತಿ ಹಾಕಿ ಕೂರುತ್ತಿದ್ದ ಎಷ್ಟೋ ಮನೆಗಳಲ್ಲಿ ಈಗ ಊಟ ಮೇಜಿನ ಸುತ್ತ ನಡೆಯುತ್ತದೆ. ಹಬ್ಬದ ದಿನ ಆ ಮೇಜು ಬರಿದಾಗಿ ಕಾಣಬಾರದು, ಹಾಗೆಂದು ಅಂಗಡಿಗೆ ಸಾವಿರಾರು ರೂಪಾಯಿ ಸುರಿಯಲೂಬಾರದು ಎನ್ನುವವರಿಗಾಗಿ ಈ ಉತ್ತರಗಳು. ಊಟಕ್ಕೆ ಅಡ್ಡ ಬಾರದ, ಹಿತ್ತಿಲಿನಿಂದಲೋ ಅಡುಗೆಮನೆಯಿಂದಲೋ ಬಂದು ಹಬ್ಬ ಕಳೆದ ಮೇಲೆ ಅಲ್ಲಿಗೇ ಮರಳುವ ಅಲಂಕಾರವೇ ನಮ್ಮ ಊರಿಗೆ ಚೆಂದ ಎಂಬುದು ನನ್ನ ಗಟ್ಟಿ ನಂಬಿಕೆ. ಉತ್ತರಗಳೆಲ್ಲ ಅದೇ ದಾರಿಯಲ್ಲಿವೆ.

ಕಡಿಮೆ ಖರ್ಚು ಎಂದರೆ ಎಷ್ಟರಲ್ಲಿ ಮುಗಿಯಬೇಕು? ಅಂಗಡಿಯಿಂದ ತರಲೇಬೇಕಾದದ್ದು ಏನು?

ಆರು ಜನ ಕೂರುವ ಮೇಜಿಗೆ 150 ರೂಪಾಯಿಯ ಮಿತಿ ಹಾಕಿಕೊಳ್ಳಿ. ಅದು ದಾಟುತ್ತಿದೆ ಎಂದಾದರೆ ಯಾವುದೋ ಒಂದನ್ನು ಕೈಬಿಡಬಹುದು. ಕೊಳ್ಳಬೇಕಾದದ್ದು ಹತ್ತಿಯ ಬತ್ತಿ, ಎರಡು ಮೂರು ಮೋಂಬತ್ತಿ, ಸ್ವಲ್ಪ ಹೂವು, ಬೇಕಿದ್ದರೆ ಎರಡು ಬಣ್ಣದ ಕಾಗದ. ದಾರವನ್ನು ಪಟ್ಟಿಗೆ ಸೇರಿಸಿಲ್ಲ, ಏಕೆಂದರೆ ಬಾಳೆನಾರು ಇದ್ದರೆ ದಾರ ಬೇಡ. ಪಿನ್ನನ್ನೂ ಸೇರಿಸಿಲ್ಲ, ಏಕೆಂದರೆ ಹಿಡಿಸೂಡಿ (ತೆಂಗಿನ ಕಡ್ಡಿಯ ಪೊರಕೆ) ಕಡ್ಡಿ ಇದ್ದರೆ ಪಿನ್ನು ಬೇಡ. ಊಟದ ಮೇಜಿಗೆ ಮಾಡುವ ಯಾವ ಅಲಂಕಾರಕ್ಕೂ ಸ್ಟೇಪ್ಲರ್ ಪಿನ್ನು, ಗುಂಡುಸೂಜಿ ಬಳಸಲೇಬೇಡಿ. ಒಂದು ಪಿನ್ನು ಸಡಿಲವಾಗಿ ಅನ್ನದ ಪಾತ್ರೆಗೆ ಬಿದ್ದರೆ ಸಾಕು, ಹಬ್ಬ ಕೆಡುತ್ತದೆ. ಹೊಸ ಹಿಡಿಸೂಡಿಯಿಂದ ಹತ್ತು ಕಡ್ಡಿ ಎಳೆದು, ತೊಳೆದು, ಒಣಗಿಸಿ, ಬೆರಳುದ್ದಕ್ಕೆ ಮುರಿದಿಟ್ಟುಕೊಳ್ಳಿ. ಎಲೆಯನ್ನು ಎಲೆಗೆ ಸೇರಿಸುವ ಕೆಲಸವೆಲ್ಲ ಅದರಿಂದಲೇ ಆಗುತ್ತದೆ.

ನಾವು ಫ್ಲ್ಯಾಟಿನಲ್ಲಿದ್ದೇವೆ. ಹಿತ್ತಿಲಿಲ್ಲ, ತೋಟವಿಲ್ಲ. ಇದೆಲ್ಲ ಎಲ್ಲಿಂದ ತರುವುದು?

ಬಿಜೈ, ಕದ್ರಿ, ಮಣಿಪಾಲದ ಫ್ಲ್ಯಾಟುಗಳಲ್ಲಿರುವವರು ಹೆಚ್ಚಾಗಿ ಕೇಳುವುದು ಇದನ್ನೇ. ಮೊದಲು ತರಕಾರಿ ಬುಟ್ಟಿಯನ್ನೇ ನೋಡಿ. ಮಂಗಳೂರು ಸೌತೆ ನಿಮ್ಮ ಮನೆಯಲ್ಲಿ ಇದ್ದೇ ಇರುತ್ತದೆ. ಹಳದಿ ಕೇಸರಿ ಮೈಯಲ್ಲಿ ಹಸಿರು ಗೆರೆ ಇರುವ ಆ ಕಾಯಿಗಿಂತ ಒಳ್ಳೆಯ ಅಲಂಕಾರದ ವಸ್ತುವನ್ನು ಯಾವ ಅಂಗಡಿಯೂ ಕೊಡಲಾರದು. ಹಳೆಯ ಮನೆಗಳಲ್ಲಿ ಅದನ್ನು ಬಾಳೆನಾರಿನಲ್ಲೋ ತೆಂಗಿನ ಗರಿಯಲ್ಲೋ ಕಟ್ಟಿ ಅಟ್ಟದ ಜಂತಿಗೆ ನೇತುಹಾಕುತ್ತಿದ್ದರು, ತಿಂಗಳುಗಟ್ಟಲೆ ಕೆಡುತ್ತಿರಲಿಲ್ಲ. ಬಿಸು ದಿನ ದೇವರ ಮುಂದೆ ಜೋಡಿಸುವ ಕಣಿಯಲ್ಲೂ ಅದಕ್ಕೆ ಜಾಗವಿದೆ. ಒಂದು ದೊಡ್ಡದು, ಎರಡು ಚಿಕ್ಕದು ಆರಿಸಿ, ಒದ್ದೆ ಬಟ್ಟೆಯಿಂದ ಒರೆಸಿ, ಅಂಗೈಯಲ್ಲಿ ಒಂದೆರಡು ಹನಿ ತೆಂಗಿನೆಣ್ಣೆ ಹಾಕಿ ಸವರಿ, ವೀಳ್ಯದೆಲೆಯ ಮೇಲೆ ಇಟ್ಟರೆ ಮೇಜಿನ ನಡುಭಾಗ ತುಂಬಿತು. ಮರುದಿನ ಅದೇ ಕಾಯಿ ಸಾಂಬಾರಿಗೆ. ಒಣಮೆಣಸು, ಇಡೀ ಅರಶಿನ ಕೊಂಬು, ಸಿಪ್ಪೆ ಸಹಿತದ ಗೋಟಡಿಕೆ, ನಿಂಬೆಹಣ್ಣು, ಕದಳಿ ಬಾಳೆಹಣ್ಣಿನ ಚಿಪ್ಪು ಇವೆಲ್ಲವೂ ಹೀಗೆಯೇ ಮೇಜಿನಿಂದ ಅಡುಗೆಮನೆಗೆ ಮರಳುವಂಥವು.

ಬಾಳೆ ಎಲೆ ಮಾರುಕಟ್ಟೆಯಲ್ಲಿ ವರ್ಷವಿಡೀ ಸಿಗುತ್ತದೆ. ಚೌತಿಯ ಹೊತ್ತಿಗೆ ರಸ್ತೆಬದಿಯಲ್ಲೇ ಕಟ್ಟು ಕಟ್ಟು ಇರುತ್ತದೆ. ಬೊಂಡ (ಎಳನೀರು) ಮಾರುವವರ ಬಳಿ ಖಾಲಿ ಬೊಂಡದ ರಾಶಿ ಇರುತ್ತದೆ, ಕೇಳಿದರೆ ಬೇಡವೆನ್ನುವುದಿಲ್ಲ. ಗಾಳಿಮರದ ಕಾಯಿಗೆ ಪಣಂಬೂರು, ತಣ್ಣೀರುಬಾವಿ ಕಡೆ ಹೋದಾಗ ಮರದಡಿ ನೋಡಿ. ಬಿದ್ದದ್ದನ್ನು ಮಾತ್ರ ಹೆಕ್ಕಿ, ರೆಂಬೆ ಮುರಿಯಬೇಡಿ. ಊರಿನಿಂದ ಅಜ್ಜಿಯೋ ಅತ್ತೆಯೋ ಬರುವವರಿದ್ದರೆ ತಿಂಡಿಯ ಚೀಲದ ಜೊತೆ ನಾಲ್ಕು ಅಡಿಕೆ ಹಾಳೆ, ಹತ್ತು ಹಲಸಿನ ಎಲೆ ತನ್ನಿ ಎಂದು ಮೊದಲೇ ಹೇಳಿಡಿ. ಖುಷಿಯಿಂದ ತರುತ್ತಾರೆ.

ಮೇಜಿನ ನಡುವೆ ಅಲಂಕಾರಕ್ಕೆ ಎಷ್ಟು ಜಾಗ ಬಿಡಬೇಕು? ಎಷ್ಟು ಎತ್ತರ ಇರಬಹುದು?

ಅಲಂಕಾರ ಕೆಡುವುದು ಹೆಚ್ಚಾಗಿ ಇಲ್ಲಿಯೇ. ಮೂರು ಅಡಿ ಅಗಲದ ಮೇಜಿನಲ್ಲಿ ಎದುರುಬದುರು ಎರಡು ಬಾಳೆ ಎಲೆ ಹಾಕಿದರೆ ನಡುವೆ ಉಳಿಯುವುದು ಎಂಟು ಹತ್ತು ಇಂಚು. ಎರಡೂವರೆ ಅಡಿಯ ಮೇಜಾದರೆ ಅದಕ್ಕಿಂತಲೂ ಕಡಿಮೆ. ಅಷ್ಟರಲ್ಲೇ ಉಪ್ಪು, ನೀರಿನ ಲೋಟ, ತುಪ್ಪದ ಗಿಂಡಿಯೂ ಕೂರಬೇಕು. ಹಾಗಾಗಿ ಅಲಂಕಾರದ ಅಗಲ ಒಂದು ಅಂಗೈ ಮೀರಬಾರದು. ಉದ್ದಕ್ಕೆ ಹರಿಯಲಿ, ಅಗಲಕ್ಕೆ ಹರಡಬಾರದು.

ಎತ್ತರಕ್ಕೆ ಗೇಣಿನ ಲೆಕ್ಕ ಸಾಕು. ಒಂದು ಗೇಣಿಗಿಂತ ಎತ್ತರದ ಯಾವುದನ್ನೂ ನಡುವೆ ಇಡಬೇಡಿ. ಎದುರು ಕೂತ ಮಾವನ ಮುಖ ಹೂದಾನಿಯ ಹಿಂದೆ ಮರೆಯಾಗಬಾರದು. ಎತ್ತರದ್ದೇನಾದರೂ ಇಡಲೇಬೇಕು ಎನಿಸಿದರೆ, ಉದಾಹರಣೆಗೆ ಹಿಂಗಾರದ (ಅಡಿಕೆ ಮರದ ಹೂವಿನ) ಗೊಂಚಲು, ಅದನ್ನು ಬಡಿಸುವ ಪಾತ್ರೆಗಳಿಡುವ ಪಕ್ಕದ ಮೇಜಿನ ಗೋಡೆಬದಿಗೆ ಇಡಿ. ಬಡಿಸುವವರು ಯಾವ ಕಡೆಯಿಂದ ಬರುತ್ತಾರೆ ಎಂಬುದನ್ನೂ ನೋಡಿಕೊಂಡು ಆ ಬದಿಯಲ್ಲಿ ದೀಪ ಇಡದಿರಿ. ಸಾರಿನ ಸೌಟು ಹಿಡಿದ ಕೈ, ಸೀರೆಯ ಸೆರಗು ಎರಡೂ ದೀಪದ ಮೇಲೆ ಹಾದುಹೋಗಬಾರದು.

ಬಾಳೆ ಎಲೆಯನ್ನು ಮೇಜಿನ ಉದ್ದಕ್ಕೆ ಹಾಸಿದರೆ ಹರಿಯುತ್ತದೆ, ಮುದುರುತ್ತದೆ. ಏನು ಮಾಡಬೇಕು?

ಬಾಡಿಸಬೇಕು. ಪತ್ರೊಡೆಗೋ ಎಲೆ ಕಡುಬಿಗೋ ಬಾಡಿಸುವಂತೆಯೇ, ಸಣ್ಣ ಉರಿಯ ಮೇಲೆ ಎಲೆಯನ್ನು ನಿಧಾನ ಎಳೆಯಿರಿ. ಬಣ್ಣ ಕಡುಹಸಿರಾಗಿ ಮೈ ಹೊಳೆದ ಕೂಡಲೇ ತೆಗೆಯಿರಿ. ಆಮೇಲೆ ಅದು ಬಟ್ಟೆಯಂತೆ ಮಡಚುತ್ತದೆ, ಸೀಳುವುದಿಲ್ಲ. ನಡುದಿಂಡನ್ನು ಹಿಂಬದಿಯಿಂದ ಚೂರಿಯಲ್ಲಿ ಹೆರೆದು ತೆಳುವಾಗಿಸಿ, ಆಗ ಎಲೆ ಮೇಜಿಗೆ ಚಪ್ಪಟೆಯಾಗಿ ಕೂರುತ್ತದೆ. ಎರಡು ಎಲೆ ಸೇರುವಲ್ಲಿ ಒಂದರ ತುದಿಯನ್ನು ಇನ್ನೊಂದರ ಕೆಳಗೆ ನಾಲ್ಕು ಇಂಚು ತೂರಿಸಿ.

ಕೊಡಿ ಎಲೆಯನ್ನು ಇದಕ್ಕೆ ಕತ್ತರಿಸಬೇಡಿ. ತುದಿ ಎಡಕ್ಕೆ ಬರುವಂತೆ ಹಾಕಿ ಅದರಲ್ಲೇ ಊಟ ಬಡಿಸಬೇಕು. ಹಾಸಲು ಬುಡದ ಕಡೆಯ ಅಗಲ ತುಂಡುಗಳು ಸಾಕು, ಅಂಚು ಸ್ವಲ್ಪ ಹರಿದಿದ್ದರೂ ನಡೆಯುತ್ತದೆ.

ಎಲೆ ಸಿಗದಿದ್ದರೆ ಹಳೆಯ ಉಡುಪಿ ಸೀರೆಯ ಅಂಚು ಹಾಸಿ. ಚೌಕುಳಿ ಬೈರಾಸು (ಟವೆಲು) ಕೂಡ ಚೆಂದ ಕಾಣುತ್ತದೆ. ಎರಡು ಬೈರಾಸನ್ನು ಉದ್ದಕ್ಕೆ ಮಡಚಿ ಒಂದರ ತುದಿಗೆ ಇನ್ನೊಂದನ್ನು ಇಟ್ಟರೆ ಆರು ಜನರ ಮೇಜಿಗೆ ಸಾಕು, ಎಣ್ಣೆ ಚೆಲ್ಲಿದರೂ ಒಗೆದರೆ ಹೋಗುತ್ತದೆ.

ಹಲಸಿನ ಎಲೆಯ ಕೊಟ್ಟೆಯನ್ನು ಅಲಂಕಾರಕ್ಕೆ ಬಳಸಬಹುದು ಎನ್ನುತ್ತಾರೆ. ಹೇಗೆ?

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದೇ. ಚೌತಿಗೆ, ಅಷ್ಟಮಿಗೆ ಕೊಟ್ಟೆ ಕಡುಬು ಮಾಡುವ ಮನೆಯಲ್ಲಿ ಹೇಗೂ ಕೊಟ್ಟೆ ಕಟ್ಟುತ್ತಾರೆ. ಅದರ ಜೊತೆಗೇ ಹತ್ತು ಹನ್ನೆರಡು ಹೆಚ್ಚಿಗೆ ಕಟ್ಟಿಬಿಡಿ. ಒಂದೇ ಅಳತೆಯ ನಾಲ್ಕು ಎಲೆ ಆರಿಸಿ, ಬುಡಗಳು ನಡುವೆ ಒಂದರ ಮೇಲೊಂದು ಬರುವಂತೆ ನಾಲ್ಕು ದಿಕ್ಕಿಗೆ ಇಡಿ. ನಡುವನ್ನು ಎರಡು ಕಡ್ಡಿಯಿಂದ ಚುಚ್ಚಿ ಬಿಗಿಯಿರಿ. ಆಮೇಲೆ ಅಕ್ಕಪಕ್ಕದ ಎರಡು ಎಲೆಗಳನ್ನು ಮೇಲಕ್ಕೆತ್ತಿ, ಅಂಚಿಗೆ ಅಂಚು ಕೂಡಿಸಿ ಕಡ್ಡಿ ಚುಚ್ಚಿ. ನಾಲ್ಕೂ ಮೂಲೆ ಮುಗಿದಾಗ ಬಟ್ಟಲು ಸಿದ್ಧ. ಎಲೆ ಎಳೆಯದಾದರೆ ಬಾಗುತ್ತದೆ, ತೀರಾ ಬಲಿತದ್ದಾದರೆ ಒಡೆಯುತ್ತದೆ. ನಡುಪ್ರಾಯದ್ದೇ ಆಗಬೇಕು.

ಅಲಂಕಾರದ ಕೊಟ್ಟೆ ಹಿಟ್ಟು ಹೊಯ್ಯುವ ಕೊಟ್ಟೆಗಿಂತ ಗಿಡ್ಡವಾಗಿರಲಿ. ಎಲೆಯ ಮೇಲಿನ ಅರ್ಧವನ್ನು ಹೊರಕ್ಕೆ ಮಡಚಿದರೆ ಅರಳಿದ ಹೂವಿನ ರೂಪ ಬರುತ್ತದೆ. ಒಂದರಲ್ಲಿ ಕೇಪುಳದ ಕೆಂಪು ಹೂವು, ಒಂದರಲ್ಲಿ ಉಪ್ಪು, ಒಂದರಲ್ಲಿ ನಿಂಬೆಹೋಳು, ಒಂದರಲ್ಲಿ ಊಟದ ನಂತರದ ಅಡಿಕೆ. ಅಲಂಕಾರವೂ ಆಯಿತು, ಬಟ್ಟಲು ತೊಳೆಯುವ ಕೆಲಸವೂ ಉಳಿಯಿತು. ಹಿಂದಿನ ರಾತ್ರಿಯೇ ಕಟ್ಟಿ ಒದ್ದೆ ಬಟ್ಟೆ ಮುಚ್ಚಿಟ್ಟರೆ ಮರುದಿನ ಸಂಜೆಯವರೆಗೂ ಹಸಿರಾಗಿರುತ್ತದೆ.

ಹೂವು ಬೇಗ ಬಾಡುತ್ತದೆ. ದುಡ್ಡು ಕೊಟ್ಟು ತಂದದ್ದು ಮಧ್ಯಾಹ್ನಕ್ಕೇ ಸೊರಗಿದರೆ ಬೇಸರವಾಗುತ್ತದೆ.

ಹೂವಿಗೊಂದು ಬಗೆಯ ಆರೈಕೆ.

ಮಲ್ಲಿಗೆಗೆ ನೀರು ಚಿಮುಕಿಸಬೇಡಿ, ಎಸಳು ಕಂದುಬಣ್ಣಕ್ಕೆ ತಿರುಗುತ್ತದೆ. ಶಂಕರಪುರದ ಕಡೆಯಿಂದ ಬರುವ ಉಡುಪಿ ಮಲ್ಲಿಗೆಯನ್ನು ಬಾಳೆನಾರಿನಲ್ಲಿ ಕಟ್ಟಿ ಬಾಳೆ ಎಲೆಯಲ್ಲಿ ಸುತ್ತಿ ಕೊಡುತ್ತಾರಲ್ಲ, ಮೇಜಿಗೆ ಇಡುವವರೆಗೂ ಅದರಲ್ಲೇ ಇರಲಿ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಮೇಜಿಗೆ ಅಷ್ಟೆಲ್ಲ ಬೇಡ, ಒಂದು ಚೆಂಡಿನಲ್ಲಿ ಅರ್ಧವೂ ಹೆಚ್ಚೇ. ಇದರ ದರ ದಿನದಿನಕ್ಕೂ ಬದಲಾಗುತ್ತದೆ. ಹಬ್ಬ, ಮದುವೆಯ ದಿನಗಳಲ್ಲಿ ಏರುತ್ತದೆ, ಚಳಿಗಾಲದಲ್ಲಿ ಇಳುವರಿಯೇ ಕಡಿಮೆ. ದರ ಕೈಗೆಟುಕದ ದಿನ ಮಲ್ಲಿಗೆಯನ್ನು ಮುಡಿಯಲು ಮಾತ್ರ ತನ್ನಿ, ಮೇಜಿಗೆ ಬೇಲಿಯ ಹೂವು ಸಾಕು.

ದಾಸವಾಳ ಅರಳುವುದೇ ಒಂದು ದಿನದ ಮಟ್ಟಿಗೆ. ನೀರಿನಲ್ಲಿಟ್ಟರೂ ಇಡದಿದ್ದರೂ ಸಂಜೆಯವರೆಗೆ ಹಾಗೇ ಇರುತ್ತದೆ. ಆದ್ದರಿಂದ ಎಲೆಯ ಮೇಲೆ ಬರಿದೇ ಇಡಬಹುದಾದ ಹೂವು ಅದು. ರಾತ್ರಿಯೂಟಕ್ಕೆ ಬೇಕಾದರೆ ಬೆಳಿಗ್ಗೆ ಅರಳಿದ ಕೂಡಲೇ ಕೊಯ್ದು ಫ್ರಿಜ್ಜಿನಲ್ಲಿಡಿ, ಊಟದ ಹೊತ್ತಿಗೆ ತೆಗೆಯಿರಿ. ಕೇಪುಳದ ಗೊಂಚಲು ನೀರಿನಲ್ಲಿ ಎರಡು ಮೂರು ದಿನ ಬಾಳುತ್ತದೆ. ಗೊಂಡೆ, ಸೇವಂತಿಗೆಯನ್ನು ತೊಟ್ಟು ಕತ್ತರಿಸಿ ಉರುಳಿಯ ನೀರಿನಲ್ಲಿ ತೇಲಿಬಿಟ್ಟರೆ ಹತ್ತೇ ಹೂವಿನಲ್ಲಿ ಪಾತ್ರೆ ತುಂಬಿದಂತೆ ಕಾಣುತ್ತದೆ, ಮಾಲೆಯಾದರೆ ನೂರು ಬೇಕು. ಅಷ್ಟಮಿಯ ಮುನ್ನಾದಿನಗಳಲ್ಲಿ ಉಡುಪಿಯ ರಥಬೀದಿ ಸುತ್ತ ಘಟ್ಟದ ಮೇಲಿನಿಂದ ಬಂದವರು ಸೇವಂತಿಗೆಯನ್ನು ರಾಶಿ ಹಾಕಿ ಮಾರುತ್ತಾರೆ. ಮಾಲೆಗಿಂತ ಬಿಡಿ ಹೂವು ಕೇಳಿ, ಅಗ್ಗವಾಗುತ್ತದೆ.

ಹಿಂಗಾರದ ವಿಷಯದಲ್ಲಿ ಒಂದು ಮಾತು. ಹಾಳೆಯೊಳಗಿಂದ ಬಿಡಿಸಿದ ಆ ತೆನೆಯಂಥ ಬಿಳಿಹೂವಿನ ಚೆಲುವಿಗೆ ಸಾಟಿಯಿಲ್ಲ. ಆದರೆ ಒಂದು ಹಿಂಗಾರ ಕೊಯ್ದರೆ ಒಂದು ಗೊನೆ ಅಡಿಕೆ ಹೋಯಿತು. ನಾಗನಿಗೆ, ದೈವಕ್ಕೆ ಅರ್ಪಿಸುವಾಗ ಆ ಲೆಕ್ಕ ಹಾಕುವುದಿಲ್ಲ. ಮೇಜಿನ ಚೆಂದಕ್ಕೆ ಮಾತ್ರ ಇಡೀ ಗೊಂಚಲು ಬೇಡ. ಪೂಜೆಗೆ ತಂದದ್ದರಲ್ಲಿ ದೇವರ ಕೋಣೆಗೆ ಒಯ್ಯುವ ಮೊದಲೇ ನಾಲ್ಕು ಎಳೆ ಬೇರೆ ತೆಗೆದಿಟ್ಟುಕೊಳ್ಳಿ.

ದೇವರಿಗೆ ಇಟ್ಟ ಹೂವನ್ನು ಆಮೇಲೆ ಊಟದ ಮೇಜಿಗೆ ಬಳಸಬಹುದೇ?

ಬೇಡ. ಪ್ರಸಾದದ ಹೂವು ಮುಡಿಯುವುದಕ್ಕೆ. ಎಂಜಲು, ಮುಸುರೆ ತಾಗುವ ಮೇಜಿನ ಮೇಲೆ ಅದನ್ನು ಹರಡಿದರೆ ಹಿರಿಯರ ಮನಸ್ಸಿಗೆ ನೋವಾಗುತ್ತದೆ, ಆ ನೋವು ನ್ಯಾಯವಾದದ್ದೇ. ಹಾಗೆಯೇ ದೇವರ ಕೋಣೆಯ ಉರುಳಿ, ಕಾಲುದೀಪಗಳನ್ನು ಮೇಜಿಗೆ ತರಬೇಡಿ. ಮೇಜಿಗೆಂದೇ ಒಂದು ಹಳೆಯ ಕಂಚಿನ ಬಟ್ಟಲೋ ಮಣ್ಣಿನ ಚಟ್ಟಿಯೋ ಬೇರೆ ಇರಲಿ.

ತೆಂಗಿನ ಗೆರಟೆಯಲ್ಲಿ ದೀಪ ಮಾಡುವುದು ಹೇಗೆ? ಹೊತ್ತಿಕೊಳ್ಳುವುದಿಲ್ಲವೇ?

ಕಾಯಿ ಒಡೆದಾಗ ಎರಡು ಹೋಳಾಗುತ್ತದೆ, ಒಂದರಲ್ಲಿ ಮೂರು ಕಣ್ಣು, ಇನ್ನೊಂದು ಬೋಳು. ದೀಪಕ್ಕೆ ಬೋಳು ಹೋಳು. ಕಣ್ಣಿನ ಹೋಳು ಸೋರಬಹುದು, ಅದನ್ನು ಎಸೆಯಬೇಡಿ, ಕ್ರಿಸ್ಮಸ್ಸಿನ ಪ್ರಶ್ನೆಯಲ್ಲಿ ಅದಕ್ಕೆ ಕೆಲಸವಿದೆ. ತುರಿದು ಉಳಿದ ಗೆರಟೆಯನ್ನು ಎರಡು ದಿನ ಬಿಸಿಲಿಗಿಟ್ಟರೆ ಒಳಗೆ ಅಂಟಿದ ಚೂರು ತಾನಾಗಿ ಬಿಡುತ್ತದೆ. ಹೊರಗಿನ ಜುಂಗನ್ನು ಚೂರಿಯಿಂದ ಹೆರೆದು, ಉಪ್ಪುಕಾಗದದಿಂದ ಉಜ್ಜಿ. ಮೊದಲು ದೊರಗು, ಆಮೇಲೆ ನುಣುಪು ಕಾಗದ. ಕಡೆಗೆ ಕೊಬ್ಬರಿ ಎಣ್ಣೆ ಸವರಿ ಬಟ್ಟೆಯಲ್ಲಿ ತಿಕ್ಕಿದರೆ ಕಪ್ಪುಕಂದು ಹೊಳಪು ಬರುತ್ತದೆ. ಉರುಳದಂತೆ ನಿಲ್ಲಿಸಲು ಕೆಳಗೆ ಒಂದು ಹಳೆಯ ಬಳೆ ಇಡಿ, ಅಥವಾ ತೆಂಗಿನ ನಾರನ್ನು ಸಿಂಬೆ ಸುತ್ತಿ ಇಡಿ.

ಗೆರಟೆ ಚೆನ್ನಾಗಿ ಉರಿಯುವ ವಸ್ತು. ಅದರ ಇದ್ದಿಲು ಇಸ್ತ್ರಿ ಪೆಟ್ಟಿಗೆಗೆ ಹೋಗುತ್ತಿದ್ದದ್ದು ಅದಕ್ಕೇ. ಆದ್ದರಿಂದ ಬತ್ತಿ ಗೆರಟೆಗೆ ನೇರ ತಾಗಬಾರದು. ಒಳಗೆ ಅರ್ಧಕ್ಕೆ ಮರಳು ತುಂಬಿ ಅದರ ಮೇಲೆ ಮಣ್ಣಿನ ಹಣತೆ ಕೂರಿಸುವುದು ಒಂದು ದಾರಿ. ಇನ್ನೊಂದು ನೀರಿನ ದೀಪ. ಮುಕ್ಕಾಲು ಭಾಗ ನೀರು, ಮೇಲೆ ಬೆರಳ ದಪ್ಪ ಎಣ್ಣೆ, ಅದರ ಮೇಲೆ ತೂತು ಮಾಡಿದ ತೆಳುತಗಡಿನ ಬಿಲ್ಲೆಗೆ ಸಿಕ್ಕಿಸಿದ ಬತ್ತಿ. ಬಿಲ್ಲೆಯ ಕೆಳಗೆ ಬೆಂಡಿನ ಚೂರು ಅಂಟಿಸಿದರೆ ತೇಲುತ್ತದೆ. ಎಣ್ಣೆ ಮುಗಿದು ಬತ್ತಿ ನೀರಿಗೆ ತಾಗಿದ ಕೂಡಲೇ ತಾನೇ ಆರುತ್ತದೆ. ಮಕ್ಕಳಿರುವ ಮನೆಗೆ ನಾನು ಹೇಳುವುದು ಇದನ್ನೇ.

ಇನ್ನು ಫ್ಯಾನಿನ ಗೋಳು. ನಮ್ಮ ಊರಲ್ಲಿ ಡಿಸೆಂಬರಿನಲ್ಲೂ ಹಗಲು ಫ್ಯಾನಿಲ್ಲದೆ ಊಟಕ್ಕೆ ಕೂರಲಾಗದು, ಫ್ಯಾನಿದ್ದರೆ ದೀಪ ನಿಲ್ಲದು. ದೀಪಕ್ಕಿಂತ ಎರಡು ಬೆರಳು ಎತ್ತರದ ಗಾಜಿನ ಲೋಟದೊಳಗೆ ಮೋಂಬತ್ತಿ ಇಟ್ಟರೆ ನಿಲ್ಲುತ್ತದೆ. ಲೋಟದ ತಳಕ್ಕೆ ಒಂದು ಚಮಚ ಮರಳು ಹಾಕಿ, ಗಾಜು ಬಿಸಿಗೆ ಬಿರುಕು ಬಿಡುವುದಿಲ್ಲ.

ತೆಂಗಿನ ಗರಿಯ ಹೆಣಿಗೆ ಕಷ್ಟವೇ? ಎಳೆಯ ಗರಿಯೇ ಬೇಕೇ?

ದೈವದ ಅಣಿಗೆ (ಬೆನ್ನಿಗೆ ಕಟ್ಟುವ ಪ್ರಭಾವಳಿಗೆ), ಮದುವೆಯ ಚಪ್ಪರಕ್ಕೆ ಸಿರಿ (ತೆಂಗಿನ ಎಳೆಗರಿ) ಹೆಣೆಯುವವರ ಕೈಚಳಕ ಒಂದು ದಿನದಲ್ಲಿ ಬರುವುದಲ್ಲ. ಮೇಜಿಗೆ ಅಷ್ಟು ಬೇಕಿಲ್ಲ. ಗರಿಗಳ ಭಾನುವಾರಕ್ಕೆ ಇಗರ್ಜಿಯಲ್ಲಿ ಕೊಟ್ಟ ಗರಿಯಿಂದ ಶಿಲುಬೆ ಮಡಿಸಲು ಕಲಿತ ಮಕ್ಕಳು ಇದನ್ನು ಐದೇ ನಿಮಿಷದಲ್ಲಿ ಕಲಿಯುತ್ತಾರೆ. ಒಂದಿಂಚು ಅಗಲದ ಎರಡು ಪಟ್ಟಿ ತೆಗೆದುಕೊಳ್ಳಿ, ಒಂದು ಹಳದಿ ಛಾಯೆಯದು, ಒಂದು ಹಸಿರು. ತುದಿಗಳನ್ನು ಒಂದರ ಮೇಲೊಂದು ಅಡ್ಡ ಉದ್ದ ಇಟ್ಟು ಕಡ್ಡಿ ಚುಚ್ಚಿ. ಕೆಳಗಿನದನ್ನು ಮೇಲಿನದರ ಮೇಲೆ ಮಡಚಿ, ಮತ್ತೆ ಕೆಳಗೆ ಬಂದದ್ದನ್ನು ಮೇಲೆ ಮಡಚಿ, ಹೀಗೇ ಪಟ್ಟಿ ಮುಗಿಯುವವರೆಗೆ. ಎಳೆದರೆ ಸ್ಪ್ರಿಂಗಿನ ಹಾಗೆ ಬಿಚ್ಚಿಕೊಳ್ಳುವ ಸರ ಸಿಗುತ್ತದೆ. ಎರಡು ತುದಿ ಸೇರಿಸಿದರೆ ಬಳೆ, ಅದರೊಳಗೆ ಕೈಒರೆಸುವ ಬಟ್ಟೆ ತೂರಿಸಬಹುದು. ಉದ್ದ ಬಿಟ್ಟರೆ ಮೇಜಿನ ಅಂಚಿಗೆ ತೋರಣ.

ಎಳೆಯ ಗರಿಗಾಗಿ ಮರದ ಸುಳಿಗೆ ಕೈಹಾಕಬೇಡಿ. ತೆಂಗಿಗೆ ಬೆಳೆಯುವ ತುದಿ ಒಂದೇ, ಅದು ಹೋದರೆ ಮರವೇ ಹೋಗುತ್ತದೆ. ಕಾಯಿ ಕೊಯ್ಯುವವರು ಬಂದಾಗ ಬೀಳುವ ಹಸಿರು ಮಡಲಿನ ಒಳಬದಿಯ ಗರಿಗಳೇ ಸಾಕು. ಹಳದಿ ಛಾಯೆ ಬೇಕಿದ್ದರೆ ಚಪ್ಪರದ ಕೆಲಸ ನಡೆಯುವಲ್ಲಿ ಉಳಿದ ತುಂಡು ಕೇಳಿ ತನ್ನಿ.

ಅಷ್ಟಮಿಗೆ ವಿಶೇಷವಾಗಿ ಏನು ಮಾಡಬಹುದು?

ಚಕ್ಕುಲಿ, ಉಂಡೆಗಳ ತಟ್ಟೆಯೇ ಮುಕ್ಕಾಲು ಅಲಂಕಾರ. ಅಷ್ಟಮಿಯ ಮರುದಿನ ವಿಟ್ಲಪಿಂಡಿಯಂದು ಉಡುಪಿಯ ರಥಬೀದಿಯಲ್ಲಿ ಗುರ್ಜಿ (ಕಂಬಗಳ ಚೌಕಟ್ಟು) ನೆಟ್ಟು ಮೊಸರು ಕುಡಿಕೆ ಕಟ್ಟುತ್ತಾರಲ್ಲ, ಅದರ ಪುಟ್ಟ ರೂಪ ಮೇಜಿಗೆ ಒಪ್ಪುತ್ತದೆ. ಗೇಣುದ್ದದ ಮೂರು ಬಿದಿರ ಕಡ್ಡಿಗಳ ತಲೆ ಕಟ್ಟಿ, ಕಾಲು ಅಗಲಿಸಿ ನಿಲ್ಲಿಸಿ. ನಡುವೆ ಬಾಳೆನಾರಿನಲ್ಲಿ ಒಂದು ಚಿಕ್ಕ ಮಣ್ಣಿನ ಕುಡಿಕೆ ತೂಗುಹಾಕಿ. ಕುಡಿಕೆಯ ಮೇಲೆ ಅಕ್ಕಿಹಿಟ್ಟಿನ ಗಟ್ಟಿ ನೀರಲ್ಲಿ ಚುಕ್ಕೆ ಗೆರೆ ಬರೆಯುವ ಕೆಲಸ ಮಕ್ಕಳಿಗೆ ಬಿಡಿ, ಗೆರೆ ಸೊಟ್ಟಗಾದರೂ ತಿದ್ದಬೇಡಿ. ಒಳಗೆ ಅವಲಕ್ಕಿಯೋ ಕಲ್ಲುಸಕ್ಕರೆಯೋ ಇರಲಿ.

ಮಳೆಗಾಲದ ಹಬ್ಬಗಳಿಗೆ ಕಾಗದದ ಅಲಂಕಾರ ಬೇಡವೆಂದೇ ಹೇಳುತ್ತೇನೆ. ಆ ತೇವಕ್ಕೆ ಕಾಗದ ಬೆಳಗಾಗುವಷ್ಟರಲ್ಲಿ ಜೋಲುತ್ತದೆ. ಎಲೆಗೆ ಆ ತೇವವೇ ಆರೈಕೆ.

ಮೊಂತಿ ಹಬ್ಬದ ತೆನೆಯನ್ನು, ಹೊಸ ಅಕ್ಕಿ ಊಟದ ಕದಿರನ್ನು ಮೇಜಿನಲ್ಲಿ ಇಡಬಹುದೇ?

ಸೆಪ್ಟೆಂಬರ್ 8ರಂದು ಇಗರ್ಜಿಯಲ್ಲಿ ಆಶೀರ್ವದಿಸಿ ಕೊಟ್ಟ ತೆನೆ ಮೊದಲು ಮನೆಯ ಪೀಠಕ್ಕೆ, ಆಮೇಲೆ ಅದರ ಕಾಳು ಹಾಲಿಗೋ ಪಾಯಸಕ್ಕೋ. ಮನೆಗೆ ತಂದು ಕಟ್ಟುವ ಕದಿರಿಗೂ ಅದರದ್ದೇ ಮರ್ಯಾದೆ ಇದೆ. ಇವು ಅಲಂಕಾರದ ವಸ್ತುಗಳಲ್ಲ. ಗದ್ದೆಯವರ ಪರಿಚಯವಿದ್ದರೆ ಬೇರೆಯೇ ಒಂದು ಹಿಡಿ ಪೈರು ತಂದು ಮೇಜಿಗೆ ಇಡಿ. ಆ ದಿನದ ಊಟ ಸಸ್ಯಾಹಾರ, ಬಾಳೆ ಎಲೆಯಲ್ಲಿ. ಮಕ್ಕಳು ಒಂಬತ್ತು ದಿನ ಮಾತೆಗೆ ಹೂವು ಅರ್ಪಿಸಿ ಬಂದಿರುತ್ತಾರೆ. ಮೇಜಿಗೂ ಅವರೇ ಬೇಲಿಯಿಂದ ಹೂವು ಆರಿಸಿ ತರಲಿ.

ದೀಪಾವಳಿಗೆ ಮೇಜಿನ ಮೇಲಿಡುವ ಪುಟ್ಟ ಗೂಡುದೀಪ ಮಾಡುವುದು ಹೇಗೆ?

ಕುದ್ರೋಳಿಯಲ್ಲಿ ದೀಪಾವಳಿ ಹೊತ್ತಿಗೆ ನಡೆಯುವ ಗೂಡುದೀಪ ಸ್ಪರ್ಧೆಯನ್ನು ಒಮ್ಮೆ ನೋಡಿ ಬನ್ನಿ. ಧಾನ್ಯ, ಬೈಹುಲ್ಲಿನಂಥ ಕೈಗೆ ಸಿಕ್ಕ ವಸ್ತುಗಳಲ್ಲೇ ಜನ ಎಂಥ ಕೆಲಸ ಮಾಡುತ್ತಾರೆ ಎಂದು ಕಂಡಮೇಲೆ ಅಂಗಡಿಯ ದೀಪ ತರಲು ಮನಸ್ಸಾಗುವುದಿಲ್ಲ. ಮೇಜಿಗೆ ಸರಳ ಚೌಕಗೂಡು ಸಾಕು. ಐದಿಂಚಿನ ಹನ್ನೆರಡು ಬಿದಿರ ಕಡ್ಡಿ, ಮೂಲೆಗಳಿಗೆ ಹತ್ತಿ ನೂಲಿನ ಕಟ್ಟು. ನಾಲ್ಕು ಬದಿಗೆ ತೆಳು ಬಣ್ಣದ ಕಾಗದ, ಮೇಲೆ ಕೆಳಗೆ ತೆರೆದಿರಲಿ. ಕೆಳ ಅಂಚಿಗೆ ಅರ್ಧ ಇಂಚಿನ ಬಾಲಗಳನ್ನು ಕತ್ತರಿಸಿ ಅಂಟಿಸಿ. ಅಂಟಿಗೆ ಮೈದಾವನ್ನು ನೀರಲ್ಲಿ ಕಾಯಿಸಿಕೊಳ್ಳಿ. ಹುಳ ಬಾರದಿರಲೆಂದು ಅಂಟಿಗೆ ಮೈಲುತುತ್ತು ಹಾಕುವ ರೂಢಿ ಇದೆ. ಅದು ವಿಷ, ಊಟದ ಮೇಜಿಗೆ ಬರುವ ವಸ್ತುವಿಗೆ ಹಾಕಬೇಡಿ. ಒಳಗೆ ಬ್ಯಾಟರಿಯ ಸಣ್ಣ ಎಲ್‌ಇಡಿ ಇಡಿ. ಇಷ್ಟು ಚಿಕ್ಕ ಗೂಡಿನಲ್ಲಿ ಬೆಂಕಿ ಖಂಡಿತ ಬೇಡ.

ಕ್ರಿಸ್ಮಸ್ಸಿಗೆ ಅಂಗಡಿಯ ಮರ, ಗಂಟೆ, ಬೆಳ್ಳಿಬಳ್ಳಿ ಇಲ್ಲದೆ ಮೇಜು ಹಬ್ಬದಂತೆ ಕಾಣುವುದೇ?

ಇನ್ನೂ ಚೆನ್ನಾಗಿ ಕಾಣುತ್ತದೆ. ಗೋದ್ಲಿಯ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯ) ಹುಲ್ಲಿಗೆಂದು ಡಬ್ಬಿಗಳಲ್ಲಿ ರಾಗಿ, ಭತ್ತ ಬಿತ್ತುವ ಪದ್ಧತಿ ನಮ್ಮ ಕ್ರೈಸ್ತ ಮನೆಗಳಲ್ಲಿ ಇದ್ದೇ ಇದೆ. ಅದನ್ನೇ ಮೇಜಿಗೂ ತನ್ನಿ. ಆಗ ಬದಿಗಿಟ್ಟ ಕಣ್ಣಿನ ಗೆರಟೆ ಈಗ ಬೇಕು. ಮೆತ್ತಗಿನ ಕಣ್ಣನ್ನು ಚುಚ್ಚಿದರೆ ನೀರು ಇಳಿಯಲು ತೂತಾಯಿತು. ಒಳಗೆ ತೆಂಗಿನ ನಾರಿನ ಪುಡಿ, ಮೇಲೊಂದು ಪದರ ಮಣ್ಣು. ರಾಗಿಯನ್ನು ರಾತ್ರಿ ನೆನೆಸಿ, ಒಂದು ದಿನ ಒದ್ದೆ ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಮೂಡಿದ ಮೇಲೆ ಒತ್ತೊತ್ತಾಗಿ ಹರಡಿ. ಡಿಸೆಂಬರ್ 12–13ರ ಸುಮಾರಿಗೆ ಬಿತ್ತಿದರೆ ಹಬ್ಬದ ದಿನ ಎರಡು ಬೆರಳೆತ್ತರದ ನುಣುಪು ಹಸಿರು. ಭತ್ತಕ್ಕೆ ಇನ್ನೂ ಮೂರು ನಾಲ್ಕು ದಿನ ಮೊದಲೇ ಬಿತ್ತಿ. ಮರೆತುಹೋಗಿ 18ನೇ ತಾರೀಖು ಆಗಿದ್ದರೆ ಹೆಸರುಕಾಳು ಹಾಕಿ, ಐದಾರು ದಿನದಲ್ಲಿ ಎದ್ದುಬರುತ್ತದೆ, ಸ್ವಲ್ಪ ತೆಳ್ಳಗೆ ಉದ್ದವಾಗುತ್ತದೆ ಅಷ್ಟೆ. ಇಂಥ ಮೂರು ನಾಲ್ಕು ಗೆರಟೆಯನ್ನು ಮೇಜಿನ ಉದ್ದಕ್ಕೆ ಇಟ್ಟು, ಪ್ರತಿಯೊಂದರ ಹುಲ್ಲಿನ ನಡುವೆ ಒಂದು ಕಾಗದದ ನಕ್ಷತ್ರ ನೆಡಿ.

ನಕ್ಷತ್ರಕ್ಕೆ ಹಳೆಯ ಮದುವೆ ಕಾಗದಗಳೇ ಸಾಮಗ್ರಿ. ದಪ್ಪ ಕಾಗದ, ಚಿನ್ನದ ಹೊಳಪು, ಕೆಂಪು ಬಣ್ಣ ಎಲ್ಲವೂ ಅದರಲ್ಲೇ ಇದೆ, ಪ್ರತಿ ಮನೆಯಲ್ಲೂ ಒಂದು ಕಟ್ಟು ಇದೆ. ದೇವರ ಚಿತ್ರ, ಹೆಸರು ಇರುವ ಭಾಗವನ್ನು ಮೊದಲೇ ಬೇರ್ಪಡಿಸಿ ಗೌರವದಿಂದ ತೆಗೆದಿಡಿ, ಉಳಿದದ್ದರಲ್ಲಿ ಕತ್ತರಿ ಆಡಿಸಿ. ಒಂದೇ ಅಳತೆಯ ಎರಡು ನಕ್ಷತ್ರ ಕತ್ತರಿಸಿ, ಒಂದಕ್ಕೆ ಮೇಲಿನಿಂದ ನಡುವಿನವರೆಗೆ, ಇನ್ನೊಂದಕ್ಕೆ ಕೆಳಗಿನಿಂದ ನಡುವಿನವರೆಗೆ ಸೀಳು ಹಾಕಿ ಒಂದರೊಳಗೊಂದು ತೂರಿಸಿದರೆ ಅಂಟಿಲ್ಲದೆ ನಿಲ್ಲುವ ನಕ್ಷತ್ರ.

ಗಾಳಿಮರದ ಕಾಯಿಗಳನ್ನು ಬಿಸಿಲಲ್ಲಿ ಒಣಗಿಸಿ, ಕಾಯಿಯ ಮುಳ್ಳುತುದಿಗಳಿಗೆ ಮಾತ್ರ ಅಕ್ಕಿಹಿಟ್ಟಿನ ಗಂಜಿ ಸವರಿದರೆ ಹಿಮ ಬಿದ್ದಂತೆ ಬೆಳ್ಳಗಾಗುತ್ತದೆ. ಇನ್ನು ಕುಸ್ವಾರ್, ಅಂದರೆ ಕ್ರಿಸ್ಮಸ್ಸಿನ ತಿಂಡಿಗಳು. ಕಿಡಿಯೊ, ನೆವ್ರಿಯೊ, ಗುಳಿಯೊ, ರೋಸ್ ಕುಕ್ಕಿ ಇವನ್ನು ಡಬ್ಬಿಯೊಳಗೆ ಮುಚ್ಚಿಡದೆ ಬಾಳೆ ಎಲೆ ಹಾಸಿದ ಹಾಳೆಯ ತಟ್ಟೆಯಲ್ಲಿ ಜೋಡಿಸಿ. ರೋಸ್ ಕುಕ್ಕಿಯನ್ನು ನಿಲ್ಲಿಸಿ ಒರಗಿಸಿಟ್ಟರೆ ಅದರ ಜಾಲರಿಯ ಮೂಲಕ ಮೋಂಬತ್ತಿಯ ಬೆಳಕು ಹಾಯುತ್ತದೆ.

ಸಮುದ್ರದ ಚಿಪ್ಪು ಬಳಸಬಹುದೇ?

ಮನೆಯಲ್ಲಿ ಮರುವಾಯಿ ಸುಕ್ಕ ಮಾಡಿದಾಗ ಉಳಿದ ಚಿಪ್ಪುಗಳನ್ನು ಸೋಡಾಪುಡಿ ಹಾಕಿ ಕುದಿಸಿ, ಬಿಸಿಲಿಗೆ ಒಣಗಿಸಿ ಬಳಸಿ. ವಾಸನೆ ಪೂರ್ತಿ ಹೋದ ಮೇಲೆಯೇ ಮೇಜಿಗೆ. ಹವಳ ಮತ್ತು ಕೆಲವು ಜಾತಿಯ ಶಂಖ, ಕವಡೆಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ, ಅವನ್ನು ಹೆಕ್ಕುವುದೂ ಬೇಡ, ಕೊಳ್ಳುವುದೂ ಬೇಡ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದರೆ ಅಲ್ಲಿನ ಚಿಪ್ಪುಗಳು ಅಲ್ಲೇ ಇರಲಿ.

ಥರ್ಮೊಕೋಲ್ ತುಂಬ ಅಗ್ಗ, ಕತ್ತರಿಸಲೂ ಸುಲಭ. ಅದೇಕೆ ಬೇಡ?

ಅಲಂಕಾರಕ್ಕೆ ಥರ್ಮೊಕೋಲ್ ಬಳಸುವುದನ್ನು 2022ರ ಜುಲೈ 1ರಿಂದ ದೇಶದಲ್ಲೆಲ್ಲ ನಿಷೇಧಿಸಲಾಗಿದೆ. ಕಾನೂನಿನ ಮಾತು ಬಿಟ್ಟರೂ ಅದರ ಬಿಳಿಕಾಳುಗಳು ಅನ್ನದೊಳಗೆ ಬಿದ್ದರೆ ಕಾಣುವುದೇ ಇಲ್ಲ. ಮಿನುಗುಪುಡಿಗೂ, ರಂಗೋಲಿ ಪುಡಿಗೂ ಇದೇ ಮಾತು, ಫ್ಯಾನಿನಡಿ ಎರಡೂ ಊಟಕ್ಕೆ ಬೆರೆಯುತ್ತವೆ. ರಂಗೋಲಿ ಬೇಕೇಬೇಕೆಂದರೆ ಅಡಿಕೆ ಹಾಳೆಯನ್ನು ಅರ್ಧ ಗಂಟೆ ನೀರಲ್ಲಿ ನೆನೆಸಿ, ಭಾರ ಹೇರಿ ಚಪ್ಪಟೆ ಮಾಡಿ ಒಣಗಿಸಿ, ಅದರ ಒಳಮೈ ಮೇಲೆ ಅರೆದ ಅಕ್ಕಿಯ ನೀರಿನಲ್ಲಿ ಬರೆಯಿರಿ. ಒಣಗಿದರೆ ಉದುರುವುದಿಲ್ಲ.

ಊಟದ ಮೇಜಿಗೆ ತರಲೇಬಾರದ ಹೂವು, ಕಾಯಿ ಯಾವುವು?

ಕಣಗಿಲೆ, ಹಳದಿ ಕರವೀರ, ಉಮ್ಮತ್ತ. ಇವುಗಳ ಎಲೆ, ಹೂವು, ಕಾಯಿ ಎಲ್ಲವೂ ವಿಷ. ಗುಲಗಂಜಿ ನೋಡಲು ಮುದ್ದಾಗಿದ್ದರೂ ಜಗಿದರೆ ಪ್ರಾಣಕ್ಕೇ ಅಪಾಯ, ಮಕ್ಕಳ ಕೈಗೆ ಸಿಗುವಲ್ಲಿ ಇಡಲೇಬೇಡಿ. ಕೆಂಪುಬಣ್ಣ ಬೇಕಿದ್ದರೆ ಒಣಮೆಣಸಿದೆ. ಎಕ್ಕದ ಹೂವು ಗಣಪತಿಗೆ ಸಲ್ಲಲಿ, ಅದರ ಹಾಲು ಕಣ್ಣಿಗೆ ತಾಗಿದರೆ ತೊಂದರೆ, ಮೇಜಿಗೆ ಬೇಡ.

ಇರುವೆ ಕಾಟ?

ಹೂವು, ಎಲೆಗಳನ್ನು ಹೊರಗೇ ಚೆನ್ನಾಗಿ ಕೊಡವಿ, ಅರಶಿನ ಹಾಕಿದ ನೀರಿನಲ್ಲಿ ಅದ್ದಿ ತೆಗೆಯಿರಿ (ಮಲ್ಲಿಗೆಯೊಂದನ್ನು ಬಿಟ್ಟು). ಮೇಜಿನ ಕಾಲುಗಳನ್ನು ನೀರಿನ ಬಟ್ಟಲಿನಲ್ಲಿ ನಿಲ್ಲಿಸಿ. ಮೇಜಿನ ಹೊದಿಕೆ ನೆಲಕ್ಕೆ ತಾಗುತ್ತಿದ್ದರೆ ಇದಾವುದೂ ಉಪಯೋಗವಿಲ್ಲ, ಅದನ್ನು ಎತ್ತಿ ಕಟ್ಟಿ.

ಹಬ್ಬದ ಹಿಂದಿನ ದಿನವೇ ಏನೇನು ಮಾಡಿಡಬಹುದು?

ಗೆರಟೆ ಉಜ್ಜುವುದು, ಗೂಡುದೀಪ, ನಕ್ಷತ್ರ ಇವನ್ನು ವಾರದ ಮೊದಲೇ ಮುಗಿಸಿ. ಕೊಟ್ಟೆ, ಗರಿಯ ಸರ ಹಿಂದಿನ ರಾತ್ರಿ. ಬಾಳೆ ಎಲೆ ಬಾಡಿಸುವುದು ಬೆಳಿಗ್ಗೆ. ಹೂವು ಎಲ್ಲಕ್ಕಿಂತ ಕೊನೆಗೆ, ಬಡಿಸಲು ಅರ್ಧ ಗಂಟೆ ಇರುವಾಗ. ಅಡುಗೆ ಮಾಡುವವರ ತಲೆಗೇ ಅಲಂಕಾರದ ಕೆಲಸವನ್ನೂ ಕಟ್ಟಬೇಡಿ. ಮನೆಯ ಗಂಡಸರು, ಮಕ್ಕಳು ಇದನ್ನು ವಹಿಸಿಕೊಳ್ಳಲಿ.

ಹಬ್ಬ ಮುಗಿದ ಮೇಲೆ ಇವನ್ನೆಲ್ಲ ಏನು ಮಾಡುವುದು?

ಎಲೆ, ಹೂವು, ಕೊಟ್ಟೆ ತೆಂಗಿನ ಬುಡಕ್ಕೆ. ಬುಡವಿಲ್ಲದವರು ಹಸಿಕಸದ ಬುಟ್ಟಿಗೆ ಹಾಕಿ, ಚುಚ್ಚಿದ ಕಡ್ಡಿಗಳು ಅದರ ಜೊತೆಗೇ ಕೊಳೆಯುತ್ತವೆ. ರಾಗಿಯ ಹುಲ್ಲು ಅಕ್ಕಪಕ್ಕದ ದನಕ್ಕೆ. ಗೆರಟೆ, ನಕ್ಷತ್ರ, ಗಾಳಿಮರದ ಕಾಯಿಗಳನ್ನು ಪೂರ್ತಿ ಒಣಗಿಸಿ, ಒಂದಿಷ್ಟು ಕರಿಮೆಣಸಿನ ಜೊತೆ ಬಿಸ್ಕತ್ತಿನ ತಗಡುಡಬ್ಬಿಯಲ್ಲಿ ಇಡಿ. ತೇವ ಉಳಿದಿದ್ದರೆ ಮಳೆಗಾಲದಲ್ಲಿ ಬೂಸಲು ಹಿಡಿಯುತ್ತದೆ. ಉಳಿದ ಮೋಂಬತ್ತಿ ತುಂಡುಗಳನ್ನು ಒಂದು ಡಬ್ಬಿಗೆ ಹಾಕಿ, ಆ ಡಬ್ಬಿಯನ್ನು ಕುದಿಯುವ ನೀರಿನ ಪಾತ್ರೆಯಲ್ಲಿಟ್ಟು ಕರಗಿಸಿ. ನೇರ ಉರಿಯ ಮೇಲೆ ಇಟ್ಟರೆ ಮೇಣ ಹೊತ್ತಿಕೊಳ್ಳುತ್ತದೆ. ಸಣ್ಣ ಮಣ್ಣಿನ ಹಣತೆಯ ನಡುವೆ ಹತ್ತಿ ನೂಲಿನ ಬತ್ತಿಯನ್ನು ಕಡ್ಡಿಗೆ ಕಟ್ಟಿ ನೇರವಾಗಿ ನಿಲ್ಲಿಸಿ, ಮೇಣ ಹೊಯ್ದು, ಗಟ್ಟಿಯಾಗುವವರೆಗೆ ಅಲುಗಿಸದೆ ಬಿಡಿ.